ಸಣ್ಣ ತಂತಿಯ ದೂರು

ತಂತಿ ಬಂತೆಂದರೆ ಒಡೆದು ಓದುವ ಮೊದಲೇ ಮನೆಮಂದಿ ಅಳು ಶುರು ಮಾಡುತ್ತಿದ್ದ ಕಾಲ ಅದು. ತಂತಿ ಬಂದರೆ ಹೆದರದೆ, ತಂತಿ ಹರಿದರೆ ಮಾತ್ರ ಹೆದರುತ್ತಿದ್ದವನು ದಾವಣಗೆರೆಯಲ್ಲಿ ಬಕ್ಕೇಶಪ್ಪ ಒಬ್ಬನೇ. ಹತ್ತಿ ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಅವನು ಜಾಬರ್ ಆಗಿದ್ದ. ಎಂದರೆ, ನಲವತ್ತು ಮಗ್ಗಗಳು ಮತ್ತು ಅವುಗಳ ಮುಂದೆ ನಿಂತ ಇಪ್ಪತ್ತು ಮಂದಿ, ಎರಡರಲ್ಲಿ ಯಾವುದು ಕೆಟ್ಟು ನಿಂತರೂ ದಾರಿಗೆ ತರುವುದು ಇವನ ಪಾಲಿನ ಕೆಲಸ. ಹಗಲೆಲ್ಲ ಮಗ್ಗದ ಮಗ್ಗುಲಲ್ಲಿ, ಸಂಜೆಯೆಲ್ಲ ಗಿಟಾರಿನ ಮಗ್ಗುಲಲ್ಲಿ. ಹೆಂಡತಿ ಅಕ್ಕನಾಗಮ್ಮನಿಗೆ ಉಳಿದ ಮಗ್ಗುಲು ಯಾವುದೆಂದು ಓಣಿಯವರು ಅವಳ ಎದುರಿಗೇ ಕೇಳಿ ನಗುತ್ತಿದ್ದರು.

ಈ ಗಿಟಾರಿನ ಸಂಸಾರವನ್ನು ಮೊದಲ ದಿನದಿಂದ ಕಂಡವನು ಹರಿಹರದ ಹಯಾತ್ ಸಾಬ್. ತುಂಗಭದ್ರೆಯ ಸೇತುವೆ ಕಡೆಗೆ ಹೋಗುವ ರಸ್ತೆಯಲ್ಲಿ ಅವನ ರಿಪೇರಿ ಅಂಗಡಿ. ಸುಟ್ಟ ಪಂಪ್‌ಸೆಟ್ಟು, ಸತ್ತ ಫ್ಯಾನು, ಮೂಕಾದ ರೇಡಿಯೋ ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಹಯಾತ್ ಎಂದರೆ ಉರ್ದುವಿನಲ್ಲಿ ಜೀವ ಎಂದೇ ಅರ್ಥ, ಹಾಗಾಗಿ ಹೆಸರಿಗೂ ಕಸುಬಿಗೂ ಜಗಳವಿರಲಿಲ್ಲ. ಮೋಟಾರಿನ ಹೊಟ್ಟೆಗೆ ತಾಮ್ರದ ತಂತಿ ಸುತ್ತಿ ಸುತ್ತಿ ಅವನ ಮಾತಿಗೂ ಸುತ್ತುವ ಚಾಳಿ ಅಂಟಿತ್ತು. ನೇರವಾಗಿ ಹೇಳಬೇಕಾದ ಒಂದು ಸಂಗತಿಗೆ ನಾಲ್ಕು ಸುತ್ತು ಹಾಕದೆ ಅವನು ಬಾಯಿ ಮುಚ್ಚಿದವನಲ್ಲ.

ಬಿಳಿಯರು ಹೋದ ಮರುವರ್ಷ ಹರಿಹರದ ರೈಲ್ವೆ ಕ್ವಾರ್ಟರ್ಸಿನ ಆಂಗ್ಲೋ ಇಂಡಿಯನ್ ಗಾರ್ಡೊಬ್ಬ ಮನೆ ಖಾಲಿ ಮಾಡಿ ಸಮುದ್ರದಾಚೆ ಹೊರಟ. ಹೋಗುವ ಮೊದಲು ಸಾಮಾನನ್ನೆಲ್ಲ ಜಗುಲಿಯ ಮೇಲೆ ಹರವಿದ. ಆ ಜಗುಲಿಯ ಮುಂದೆಯೇ ಇವರಿಬ್ಬರ ಪರಿಚಯವಾದದ್ದು. ಹಯಾತ್ ಸಾಬ್ ಉಸಿರು ನಿಂತ ರೇಡಿಯೋ ಒಂದನ್ನು ಎತ್ತಿಕೊಂಡ, ಬಕ್ಕೇಶಪ್ಪ ಗಿಟಾರ್ ಎತ್ತಿಕೊಂಡ. ಅದನ್ನು ತೊಡೆಯ ಮೇಲೆ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ಗುಂಡನೆಯ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತಾ ನುಡಿಸುವುದನ್ನು ಗಾರ್ಡನೇ ಅರ್ಧ ಗಂಟೆ ಹೇಳಿಕೊಟ್ಟ. ಬಕ್ಕೇಶಪ್ಪನ ಸಂಗೀತ ಶಾಲೆ ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಅವನು ಸ್ವಂತ ಹುಡುಕಿಕೊಂಡದ್ದು. ಗಾರ್ಡ್ ಕೊಟ್ಟ ಉಕ್ಕಿನ ತುಂಡು ಕಳೆದಾಗ ಮಗ್ಗದ ಹಳೆಯ ಕಡ್ಡಿಯೊಂದನ್ನು ಕತ್ತರಿಸಿ, ಉಜ್ಜಿ, ಮುಂದೆಲ್ಲ ಅದರಲ್ಲೇ ಜಾರಿಸಿದ.

ಶೆಡ್ಡಿನ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಮುನ್ನೂರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಜಾಗದಲ್ಲಿ ಬಾಯಿಂದ ಹೊರಟ ಮಾತು ಮೀಸೆ ದಾಟುವುದೂ ಕಷ್ಟ. ಅದಕ್ಕೇ ಅಲ್ಲಿನವರು ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸಿಬಿಟ್ಟಿದ್ದರು. ಎದುರಿನವನ ತುಟಿ ಆಡಿದ್ದನ್ನು ಕಣ್ಣಿನಿಂದ ಓದುವುದು, ಬೆರಳಿನಿಂದ ಉತ್ತರಿಸುವುದು. ಇದರಲ್ಲಿ ಬಕ್ಕೇಶಪ್ಪನನ್ನು ಮೀರಿಸುವವರಿರಲಿಲ್ಲ. ಗಾಜಿನ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ವೀವಿಂಗ್ ಮಾಸ್ಟರು ಫೋನಿನಲ್ಲಿ ಯಾರಿಂದ ಏನು ಬೈಸಿಕೊಂಡರೆಂಬುದು ಅವರು ಫೋನು ಇಡುವುದರೊಳಗೆ ಶೆಡ್ಡಿಗೆಲ್ಲ ಗೊತ್ತಾಗಿರುತ್ತಿತ್ತು. ಒಮ್ಮೆ ಹರಿಹರದ ಸ್ಟೇಷನ್ನಿನಲ್ಲಿ ಹಯಾತ್ ಸಾಬನ ಪಕ್ಕದಲ್ಲಿ ನಿಂತಿದ್ದಾಗ, ಹಳಿಗಳಾಚೆಯ ಪ್ಲಾಟ್‌ಫಾರಮ್ಮಿನ ಮೇಲೆ ಗಂಡಿನ ಕಡೆಯವರು ತಮ್ಮತಮ್ಮಲ್ಲೇ ಆಡಿಕೊಂಡದ್ದನ್ನು ಓದಿ, ಗೆಳೆಯನ ತಂಗಿಯ ಸಂಬಂಧವೊಂದನ್ನು ನಿಂತ ಕಾಲಲ್ಲೇ ತಪ್ಪಿಸಿದ್ದ. ವರನಿಗೆ ಮೂರ್ಛೆ ರೋಗವಿತ್ತು. ಹಯಾತ್ ಸಾಬ್ ಆ ಕಥೆಯನ್ನು ಅಂಗಡಿಗೆ ಬಂದವರಿಗೆಲ್ಲ ಎಷ್ಟೋ ವರ್ಷ ಹೇಳಿದ. ಹೇಳಿದವನೇ ಮುಂದೆ ಅದನ್ನು ಮರೆತ.

ಇನ್ನು ಬಕ್ಕೇಶಪ್ಪನ ಓಣಿ. ಅಲ್ಲಿದ್ದವರೆಲ್ಲ ಗಿರಣಿಯವರು, ಎಲ್ಲರೂ ಕೂಗಿಯೇ ಮಾತಾಡುವವರು. ಉಪ್ಪು ಕೇಳಿದರೂ ಜಗಳವಾದಂತೆ ಕೇಳಿಸುತ್ತಿತ್ತು. ಗುಟ್ಟು ಹೇಳಲು ಬೇಕಾದಷ್ಟು ಮೆಲ್ಲಗೆ ಮಾತಾಡಲು ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಅಲ್ಲಿ ಗುಟ್ಟುಗಳೇ ಇರಲಿಲ್ಲ. ಅಂಥ ಓಣಿಯಲ್ಲಿ ಒಬ್ಬನ ಕಿವಿ ಒಂದಿಷ್ಟು ಹಿಂದೆ ಬಿದ್ದರೆ ಯಾರಿಗೆ ತಿಳಿಯಬೇಕು? ಅವನಿಗಂತೂ ತಿಳಿಯಲಿಲ್ಲ.

ಗಿಟಾರಿಗೆ ಪಿಕಪ್ ಬಂದದ್ದು ಐವತ್ತಾರರಲ್ಲಿ. ದಾವಣಗೆರೆಯ ಜವಳಿ ವರ್ತಕರಾದ ಮುರುಗೇಶಪ್ಪನವರು ಹಾರ್ಮೋನಿಯಂ ನುಡಿಸುತ್ತಿದ್ದರು. ಅವರದೇ ಒಂದು ಸಣ್ಣ ಮೇಳ, ಮದುವೆ ಮುಂಜಿಗಳಲ್ಲಿ ಹಾಡುವುದು. ಅವರ ಹಾರ್ಮೋನಿಯಂ ಮತ್ತು ತಬಲದ ನಡುವೆ ಬಕ್ಕೇಶಪ್ಪನ ಗಿಟಾರ್ ಸಂತೆಯಲ್ಲಿ ಕಳೆದುಹೋದ ಕೂಸಿನಂತೆ ಸದ್ದಿಲ್ಲದೆ ನಿಲ್ಲುತ್ತಿತ್ತು. ಮುರುಗೇಶಪ್ಪನವರೇ ಮುಂಬಯಿಗೆ ಹೋದಾಗ ಒಂದು ಪಿಕಪ್ ತಂದುಕೊಟ್ಟರು. ಪಿಕಪ್ ಎಂದರೆ ಎತ್ತಿಕೊಳ್ಳುವುದು. ಗಿಟಾರಿನ ಹೊಟ್ಟೆಯ ದುಂಡನೆಯ ತೂತಿಗೆ ಅಡ್ಡವಾಗಿ, ತಂತಿಗಳ ಕೆಳಗೆ ಸಿಕ್ಕಿಸುವ ಬೆರಳುದ್ದದ ಕರಿ ಡಬ್ಬಿ. ಒಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ಎಳೆ. ಮೇಲಿನ ಉಕ್ಕಿನ ತಂತಿ ನಡುಗಿದರೆ ಆ ನಡುಕವನ್ನು ಎತ್ತಿಕೊಂಡು ಹೋಗಿ ಲೌಡ್‌ಸ್ಪೀಕರಿನ ಮಡಿಲಿಗೆ ಹಾಕುವುದು ಅದರ ಕೆಲಸ. ಅದನ್ನು ಕೂರಿಸಿಕೊಟ್ಟವನು ಹಯಾತ್ ಸಾಬ್. ಕೂರಿಸುವ ಮೊದಲು ಮೀಟರ್ ಹಿಡಿದು ನೋಡಿ, ಮುಳ್ಳು ಎಲ್ಲಿ ನಿಂತಿತೋ ಆ ಅಂಕಿಯನ್ನು ಡಬ್ಬಿಯ ತಳದಲ್ಲಿ ಉರ್ದುವಿನಲ್ಲಿ ಗೀಚಿಟ್ಟಿದ್ದ. ಮೋಟಾರುಗಳಿಗೂ ಹಾಗೆಯೇ ಮಾಡುತ್ತಿದ್ದ, ಮುಂದೆ ಕೆಟ್ಟರೆ ಎಷ್ಟು ಕೆಟ್ಟಿತೆಂದು ತಿಳಿಯಲಿ ಎಂದು.

ಏಳು ವರ್ಷ ಯಾರೂ ಆ ಅಂಕಿ ನೋಡಲಿಲ್ಲ. ಅರವತ್ತಮೂರರ ಸಂಕ್ರಾಂತಿ ಕಳೆದ ಒಂದು ಭಾನುವಾರ ಬಕ್ಕೇಶಪ್ಪ ಬಸ್ಸಿಳಿದು, ಗಿಟಾರನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದ.

“ಸಣ್ಣ ತಂತಿ ಸತ್ತಂಗಾಗೈತೆ ಸಾಬಣ್ಣ. ದಪ್ಪ ತಂತಿ ಚಲೋ ಅಂತಾವ. ಸಣ್ಣದು ಕಂಬಳಿ ಹೊದ್ಕಂಡು ಮಾತಾಡಿದಂಗ ಕೇಳ್ತೈತೆ.”

ಹಯಾತ್ ಸಾಬ್ ಪಿಕಪ್ ಬಿಚ್ಚಿ ಮೀಟರ್ ಹಚ್ಚಿದ. ಮುಳ್ಳು ಏಳು ವರ್ಷದ ಹಿಂದೆ ಎಲ್ಲಿ ನಿಂತಿತ್ತೋ ಅಲ್ಲಿಯೇ ಬಂದು ನಿಂತಿತು. ಡಬ್ಬಿ ತಿರುಗಿಸಿ ಅಂಕಿ ನೋಡಿದ. ಅದೇ. ಪಿಕಪ್‌ಗೆ ನೆಗಡಿಯೂ ಆಗಿರಲಿಲ್ಲ.

ಆದರೆ ರಿಪೇರಿಯವರಲ್ಲಿ ಒಂದು ಪದ್ಧತಿ ಉಂಟು. ಗಿರಾಕಿ ತಂದ ಸಾಮಾನಿಗೆ ಏನೂ ಆಗಿಲ್ಲವೆಂದು ಅವನ ಮುಖಕ್ಕೆ ಹೇಳಬಾರದು. ಹೇಳಿದರೆ, ಕೆಟ್ಟದ್ದು ನಿನ್ನ ತಲೆ ಎಂದ ಹಾಗಾಗುತ್ತದೆ, ಬಸ್ಸಿನ ಚಾರ್ಜು ಕೊಟ್ಟು ಬಂದವನ ಮರ್ಯಾದೆ ಹೋಗುತ್ತದೆ. ಅದಕ್ಕೆ ಬಿಚ್ಚಬೇಕು, ಒಂದು ಸಲ ಹುಬ್ಬು ಗಂಟಿಕ್ಕಬೇಕು, ಹತ್ತಿಯನ್ನು ಪೆಟ್ರೋಲಿನಲ್ಲಿ ಅದ್ದಿ ಒರೆಸಬೇಕು, ಮುಚ್ಚಿ ಕೊಡಬೇಕು. ಅರ್ಧ ಹರಿಹರದ ಫ್ಯಾನುಗಳು ಈ ಮರ್ಯಾದೆಯ ಮೇಲೆಯೇ ತಿರುಗುತ್ತಿದ್ದವು. ಹಯಾತ್ ಸಾಬನ ಕೈ ತಾನಾಗಿ ಹತ್ತಿಯ ಕಡೆ ಹೋಯಿತು. ಒಳಗೆ ಧೂಳು ಕೂತಿತ್ತು, ಈಗ ನೋಡು ಎಂದು ಕೊಟ್ಟ. ಬಕ್ಕೇಶಪ್ಪ ಅಲ್ಲಿಯೇ ಅಂಗಡಿಯ ಹಳೆಯ ಲೌಡ್‌ಸ್ಪೀಕರ್ ಸೆಟ್ಟಿಗೆ ಸಿಕ್ಕಿಸಿ ನುಡಿಸಿ ನೋಡಿ, ಗೆಳೆಯನ ಮುಖ ನೋಡಿ, ಹೌದು ಸ್ವಲ್ಪ ತಿಳಿಯಾಗೈತೆ ಎಂದ. ಇಬ್ಬರೂ ಒಬ್ಬರ ಮರ್ಯಾದೆಯನ್ನು ಒಬ್ಬರು ಕಾಪಾಡಿದರು.

ಮುಂದಿನ ಭಾನುವಾರ ಅವನು ಮತ್ತೆ ಬಂದ. ಧೂಳು ಮತ್ತೆ ಕೂತಿತ್ತಂತೆ.

ಹಯಾತ್ ಸಾಬ್ ಅಂದು ನಂದಿಗುಡಿಯ ಕಡೆಯಿಂದ ಬಂದ ಪಂಪಿನ ಮೋಟಾರ್ ಬಿಚ್ಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಬೆನ್ನು ತಿರುಗಿಸದೆ ಚಹಾ ತರಿಸಲೇ ಎಂದು ಕೇಳಿದ. ಉತ್ತರ ಬರಲಿಲ್ಲ. ಮತ್ತೊಮ್ಮೆ ಕೇಳಿದ. ಮೂರನೆಯ ಸಲ ತಿರುಗಿ ನೋಡಿದರೆ ಬಕ್ಕೇಶಪ್ಪ ಬೆಂಚಿನ ಮೇಲೆ ಕೂತು ಗಿಟಾರಿನ ಕಿವಿ ಹಿಂಡುತ್ತಿದ್ದ. ಅದೇ ಹೊತ್ತಿಗೆ ಮೇಜಿನ ಮೇಲಿದ್ದ ಗಿರಾಕಿಯ ರೇಡಿಯೋ ಸ್ಟೇಷನ್ ಸಿಕ್ಕದೆ ಕೀ ಎಂದು ಕಿರುಚಲು ಹತ್ತಿತು. ಹಲ್ಲಿನ ಬೇರು ಜುಂ ಎನ್ನುವಂಥ ಸಿಳ್ಳು. ರಸ್ತೆಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ಸೆರಗಿನಿಂದ ಕಿವಿ ಮುಚ್ಚಿಕೊಂಡು ಬೈದು ಹೋದಳು. ಹಯಾತ್ ಸಾಬ್ ಗುಂಡಿ ತಿರುಗಿಸಲು ಎದ್ದವನು ಏಕೋ ತಡೆದು, ಅದನ್ನು ಆರಿಸುವ ಬದಲು ಒಂದಿಷ್ಟು ಏರಿಸಿದ. ಬಕ್ಕೇಶಪ್ಪ ನೆಮ್ಮದಿಯಾಗಿ ಸಣ್ಣ ತಂತಿ ಮೀಟಿ, ತಲೆ ಅಲ್ಲಾಡಿಸಿ, ಮತ್ತೆ ಮೀಟಿದ. ಹಯಾತ್ ಸಾಬ್ ರೇಡಿಯೋ ಆರಿಸಿದ. ಬಕ್ಕೇಶಪ್ಪ ಆಗಲೂ ತಲೆ ಎತ್ತಲಿಲ್ಲ.

ಕೈಯಲ್ಲಿದ್ದ ಬೆಸುಗೆಯ ಕಡ್ಡಿ ತಣ್ಣಗಾಗುವವರೆಗೆ ಹಯಾತ್ ಸಾಬ್ ಹಾಗೆಯೇ ನಿಂತ.

ಆಗಲೇ ಹೇಳಬೇಕಿತ್ತು. ಆದರೆ ಹೋದ ವಾರ ಧೂಳಿತ್ತು ಎಂದವನು ಈ ವಾರ ಧೂಳೇ ಇರಲಿಲ್ಲ ಎನ್ನುವುದು ಹೇಗೆ? ಅಷ್ಟರಲ್ಲಿ ಬಕ್ಕೇಶಪ್ಪನೇ ತಲೆ ಎತ್ತಿ, ಇದರ ಆಯುಸ್ಸು ಮುಗಿಯಿತೆಂದು ಕಾಣುತ್ತದೆ, ಬೇರೆ ಪಿಕಪ್ ಆರಿಸಿ ಕೊಡು ಎಂದ. ಅವಸರವಿತ್ತು. ವೈಶಾಖದಲ್ಲಿ ಮುರುಗೇಶಪ್ಪನವರ ಮಗಳ ಮದುವೆ. ಹದಿನೈದು ವರ್ಷ ಇನ್ನೊಬ್ಬರ ಹಾಡಿನ ಹಿಂದೆ ಹಿಂದೆ ಜಾರಿಸಿಕೊಂಡು ಬಂದವನಿಗೆ, ಅಂದು ಊಟದ ಹೊತ್ತಿನಲ್ಲಿ ಒಬ್ಬನೇ ಕೂತು ಕಾಲು ಗಂಟೆ ನುಡಿಸು ಎಂದು ಅವರು ಮಾತು ಕೊಟ್ಟಿದ್ದರು. ಅದನ್ನು ಹೇಳುವಾಗ ಬಕ್ಕೇಶಪ್ಪನ ಮುಖ ನೋಡಿದ ಹಯಾತ್ ಸಾಬನಿಗೆ, ನಿನ್ನ ಕಿವಿ ಹೋಗಿದೆ ಮಾರಾಯ ಎಂಬ ಮಾತು ಗಂಟಲಲ್ಲೇ ಏಳೆಂಟು ಸುತ್ತು ಸುತ್ತಿಕೊಂಡು ಕೂತುಬಿಟ್ಟಿತು.

ಮರುವಾರ ಅವನು ತಾಮ್ರದ ತಂತಿ ತರಲು ದಾವಣಗೆರೆಗೆ ಹೋದಾಗ ಮುರುಗೇಶಪ್ಪನವರು ಅಂಗಡಿಯ ಗಾದಿಯ ಮೇಲೆ ಕೂರಿಸಿಕೊಂಡು ತಾವಾಗಿಯೇ ವಿಷಯ ತೆಗೆದರು. ಆನಗೋಡಿನಲ್ಲಿ ಹೋದ ತಿಂಗಳು ಮೇಳವಿತ್ತು. ಬಕ್ಕೇಶಪ್ಪ ಸಣ್ಣ ತಂತಿಯನ್ನು ಎಷ್ಟು ಜೋರು ಮೀಟಿದನೆಂದರೆ ಮುಂದಿನ ಸಾಲಿನ ಹೆಂಗಸರು ಕೂಸುಗಳ ಕಿವಿ ಮುಚ್ಚಿಕೊಂಡರಂತೆ. ಮದುವೆಗೆ ಬರುವವರೆಲ್ಲ ಹುಬ್ಬಳ್ಳಿ ಕಡೆಯ ದೊಡ್ಡ ಬೀಗರು. ಹಿಂಗಾದರೆ ಗ್ರಾಮಫೋನ್ ಹಚ್ಚಿಸಿಬಿಡುವೆ, ಇವನಿಗೆ ಇಲ್ಲವೆನ್ನಲು ಬಾಯಿಯೂ ಬಾರದು ಎಂದು ಕೈ ಹೊಸೆದುಕೊಂಡರು.

“ನೀವಾದ್ರೂ ಹೇಳ್ರಿ ಸಾಬ್ರ. ನಾವು ಹೇಳಿದ್ರ ಮನಸ್ಸಿಗೆ ಹಚ್ಕಂತಾನ. ನೀವು ಟೆಕ್ನಿಕಲ್ ಆಗಿ ಹೇಳಬೌದು.”

ಕಿವುಡನ್ನು ಟೆಕ್ನಿಕಲ್ ಆಗಿ ಹೇಳುವುದು ಹೇಗೆಂದು ಹಯಾತ್ ಸಾಬ್ ಬಸ್ಸಿನಲ್ಲಿ ಹರಿಹರದವರೆಗೂ ಯೋಚಿಸಿದ. ಉತ್ತರ ಸಿಗುವ ಮೊದಲೇ ಅಕ್ಕನಾಗಮ್ಮ ಬಂದಳು. ಹರಿಹರದ ಗುಡಿಗೆ ಬಂದಿದ್ದೆ ಎಂದಳು, ಗುಡಿಯ ಕುಂಕುಮ ಹಣೆಯಲ್ಲಿರಲಿಲ್ಲ. ಅಂಗಡಿಯ ಹೊಸ್ತಿಲ ಹೊರಗೆ ನಿಂತುಕೊಂಡೇ ಮಾತಾಡಿದಳು. ಗಂಡನನ್ನು ಹಿಂದಿನಿಂದ ಕರೆಯುವುದು ಬಿಟ್ಟು ಎರಡು ವರ್ಷವಾಯಿತಂತೆ. ಅವನ ಎದುರಿಗೆ ಹೋಗಿ ನಿಂತು, ಅವನು ಮುಖ ನೋಡಿದ ಮೇಲೆ ಬಾಯಿ ತೆರೆಯುತ್ತಾಳೆ. ಅವನಿಗೆ ಇದು ಹೆಂಡತಿ ಈಗೀಗ ಗೌರವ ಕೊಡಲು ಕಲಿತದ್ದರ ಗುರುತಾಗಿ ಕಂಡಿದೆ.

“ಎಲ್ಲ ಗೊತ್ತೈತ್ರಿ ನನಗ,” ಎಂದಳು ಅಕ್ಕನಾಗಮ್ಮ. “ಆದ್ರ ನೀವು ಹೇಳಬ್ಯಾಡ್ರಿ. ಹೇಳಿದ್ರ ಗಿಟಾರ್ ಗೋಡಿಗೆ ತೂಗುಬಿಡ್ತಾನ. ಆಮ್ಯಾಲೆ ಸಂಜಿ ಮುಂದ ಮನ್ಯಾಗ ಆತನ್ನ ನೋಡಾಕ ನನ್ನಿಂದ ಆಗಂಗಿಲ್ಲ.”

ಹೇಳಿರೆಂದು ಒಬ್ಬರು, ಹೇಳಬೇಡಿರೆಂದು ಒಬ್ಬರು. ನಡುವೆ ಕೂತವನಿಗೆ ಉಳಿದದ್ದು ಒಂದೇ ಕೆಲಸ, ಪಿಕಪ್ ಆರಿಸುವುದು. ಆರಿಸಿದ.

ಮೊದಲನೆಯದು ಅವನ ಸ್ವಂತ ಸೃಷ್ಟಿ. ಸೈಕಲ್ ಡೈನಮೋದ ಅಯಸ್ಕಾಂತ ತೆಗೆದು, ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಬಾಬಿನ್‌ಗೆ ದಾರ ಸುತ್ತುವ ಕಡ್ಡಿಗೆ ಅದನ್ನು ಸಿಕ್ಕಿಸಿ, ಕೂದಲೆಳೆಯಂಥ ತಂತಿಯನ್ನು ಮೂರು ದಿನ ಸುತ್ತಿದ. ಎರಡು ಸಲ ಎಳೆ ಹರಿಯಿತು, ಹೆಂಡತಿಯ ರವಿಕೆಗಳು ಅರ್ಧಕ್ಕೇ ನಿಂತವು. ಭಾನುವಾರ ಬಕ್ಕೇಶಪ್ಪ ನುಡಿಸಿದಾಗ ಗಾಜಿನ ಮೇಲೆ ಚಾಕು ಎಳೆದಂತಾಯಿತು. ಬಕ್ಕೇಶಪ್ಪ ಮಾತ್ರ ಮುಖ ಅರಳಿಸಿ, ಹಾಂ, ಈಗ ಸ್ವಲ್ಪ ಕಂಬಳಿ ಸರಿದಂಗಾತು ಎಂದ.

ಎರಡನೆಯದು ಗ್ರಾಮಫೋನಿನ ತೋಳಿನೊಳಗಿನ ಹರಳು. ಅದನ್ನು ಜೇನುಮೇಣದಿಂದ ಗಿಟಾರಿನ ಮರಕ್ಕೇ ಅಂಟಿಸಿದ. ಅದಕ್ಕೆ ಇಂಥದ್ದನ್ನು ಎತ್ತಿಕೊಳ್ಳಬೇಕು, ಇಂಥದ್ದನ್ನು ಬಿಡಬೇಕು ಎಂಬ ವಿವೇಚನೆಯೇ ಇರಲಿಲ್ಲ. ಉಗುರು ತಾಗಿದ್ದು, ಅಂಗಿಯ ಗುಂಡಿ ಸವರಿದ್ದು ಎಲ್ಲವನ್ನೂ ಊರಿಗೆ ಸಾರಿತು. ಬಕ್ಕೇಶಪ್ಪ ಉಂಡು ಬಂದಿದ್ದ ರೊಟ್ಟಿ ಹೊಟ್ಟೆಯಲ್ಲಿ ಮಗ್ಗುಲು ಬದಲಿಸಿದ್ದೂ ಸ್ಪೀಕರಿನಲ್ಲಿ ಬಂತು. ಪಕ್ಕದ ಸೈಕಲ್ ಶಾಪಿನವನು ನಕ್ಕು ಬಿದ್ದ. ಅವನೇಕೆ ನಗುತ್ತಾನೆಂದು ಬಕ್ಕೇಶಪ್ಪ ಕೇಳಿದಾಗ ಹಯಾತ್ ಸಾಬ್ ಏನೋ ಹಳೆಯ ಜೋಕು ಎಂದುಬಿಟ್ಟ. ಸುಳ್ಳು ಈಗ ಸಲೀಸಾಗಿ ಬರುತ್ತಿತ್ತು.

ಮೂರನೆಯದು ಮುಂಬಯಿಯಿಂದ ಪಾರ್ಸೆಲಿನಲ್ಲಿ ಬಂದ ಹೊಸ ಮಾಲು. ತರಿಸಿಕೊಟ್ಟವನು ಚಾಂದ್ ಪಾಷಾ, ದಾವಣಗೆರೆಯಲ್ಲಿ ಮದುವೆಗಳಿಗೆ ಲೌಡ್‌ಸ್ಪೀಕರ್ ಸೆಟ್ಟು ಬಾಡಿಗೆ ಕೊಡುವವನು. ಪೆಟ್ಟಿಗೆಯ ಮೇಲೆ ಹೂಮಾಲೆ ಹಾಕಿಕೊಂಡ ಹೆಣ್ಣಿನ ಚಿತ್ರವಿತ್ತು, ಒಳಗೆ ಕನ್ನಡಿಯಂತೆ ಹೊಳೆಯುವ ಪಿಕಪ್. ಮೂರರಲ್ಲಿ ಅತಿ ಚೂಪಾದದ್ದು ಅದೇ. ಬಕ್ಕೇಶಪ್ಪ ಅದನ್ನು ನುಡಿಸಿ, ಕಣ್ಣು ಮುಚ್ಚಿ, ಇದೇ ಇರಲಿ ಎಂದ. ಅವನಿಗೆ ಒಂದಿಷ್ಟು ಕೇಳಿಸಬೇಕಾದರೆ ಲೋಕ ಕಿವಿ ಮುಚ್ಚಿಕೊಳ್ಳಬೇಕು, ಲೋಕದ ಕಿವಿ ತಣ್ಣಗಿರಬೇಕಾದರೆ ಅವನಿಗೆ ಏನೂ ಕೇಳಿಸಬಾರದು. ಇವೆರಡನ್ನೂ ಒಟ್ಟಿಗೆ ಎತ್ತಿಕೊಳ್ಳುವ ಪಿಕಪ್ ಯಾವ ಪಾರ್ಸೆಲಿನಲ್ಲೂ ಬರುವುದಿಲ್ಲವೆಂದು ಹಯಾತ್ ಸಾಬನಿಗೆ ಆಗ ತಿಳಿಯಿತು.

ಕೊನೆಗೆ ಅವನೂ ಚಾಂದ್ ಪಾಷಾನೂ ಕೂಡಿ ಒಂದು ಉಪಾಯ ಹೂಡಿದರು. ಸೆಟ್ಟಿನಲ್ಲಿ ಟೋನ್ ಎಂಬ ಗುಂಡಿ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಕೀಚಲು ಇಳಿದು ಸ್ವರ ಮೆತ್ತಗಾಗುತ್ತದೆ. ಬಕ್ಕೇಶಪ್ಪ ಎಷ್ಟೇ ಜೋರು ಮೀಟಲಿ, ಇವರು ಗುಂಡಿ ಎಡಕ್ಕೆ ಹಿಡಿದು ಕೂರುವುದು. ವೇದಿಕೆಯ ಮೇಲೆ ಕೂತವನಿಗೆ ಸ್ಪೀಕರುಗಳ ಬೆನ್ನು ಮಾತ್ರ ಸಿಗುವುದರಿಂದ ತನ್ನದು ತನಗೆ ಕೇಳಿಸುವುದಿಲ್ಲ, ಎಂಥ ವಿದ್ವಾಂಸರಿಗೂ ಹಾಗೆಯೇ ಎಂದು ಹಯಾತ್ ಸಾಬ್ ಬಕ್ಕೇಶಪ್ಪನಿಗೆ ಮೊದಲೇ ಹೇಳಿಟ್ಟ.

“ಹಂಗಾರ ಚಲೋ ಬಂತಾ ಇಲ್ಲಾ ಅಂತ ನನಗ ಹೆಂಗ ಗೊತ್ತಾಗಬೇಕು?” ಎಂದ ಬಕ್ಕೇಶಪ್ಪ.

“ನಾನು ಎದುರಿಗೇ ಸೆಟ್ಟಿನ ತಾವ ಕೂತಿರ್ತೀನಲ್ಲ. ನನ್ನ ನೋಡು.”

ಪಿ.ಜೆ. ಬಡಾವಣೆಯಲ್ಲಿ ಮುರುಗೇಶಪ್ಪನವರ ಮನೆಯ ಮುಂದೆ ಬೀದಿಗಡ್ಡ ಚಪ್ಪರ ಬಿದ್ದಿತ್ತು. ಧಾರೆ ಮುಗಿದು ಮೊದಲ ಪಂಕ್ತಿ ಕೂತಾಗ ಮಧ್ಯಾಹ್ನ ಹನ್ನೆರಡೂವರೆ. ಬಕ್ಕೇಶಪ್ಪ ಹೊಸ ಪಂಚೆ ಉಟ್ಟು, ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು, ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ವೇದಿಕೆಯ ಮೇಲೆ ಕೂತಿದ್ದ. ನಲವತ್ತು ಅಡಿ ಆಚೆ, ಚಪ್ಪರದ ಕಂಬದ ಪಕ್ಕದಲ್ಲಿ ಸೆಟ್ಟು, ಅದರ ಮುಂದೆ ಚಾಂದ್ ಪಾಷಾ ಮತ್ತು ಹಯಾತ್ ಸಾಬ್.

ಅವನು ಶುರು ಮಾಡಿದ. ಚಾಂದ್ ಪಾಷಾ ಗುಂಡಿಯನ್ನು ಎಡಕ್ಕೆ ತಿರುಗಿಸಿದ. ಕೀಚಲು ಇಳಿಯಿತು, ಇಳಿದ ಮೇಲೆ ಅದರ ಅಡಿಯಿಂದ ಸ್ವರ ಮೇಲೆದ್ದು ಬಂತು. ಹದಿನೈದು ವರ್ಷ ಯಾರೂ ಸರಿಯಾಗಿ ಕೇಳದಿದ್ದ ಸ್ವರ. ಉಕ್ಕಿನ ಕಡ್ಡಿ ತಂತಿಯ ಮೇಲೆ ಜಾರಿದ್ದು ಬೆಣ್ಣೆಯ ಮೇಲೆ ಬೆರಳು ಜಾರಿದಂತಿತ್ತು. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದವನು ಮಿಳ್ಳೆ ಬಗ್ಗಿಸಿಕೊಂಡೇ ನಿಂತು ಒಬ್ಬರ ಎಲೆಗೆ ಮೂವರ ತುಪ್ಪ ಸುರಿದ. ಹುಬ್ಬಳ್ಳಿಯ ಬೀಗರು ಅಗಿಯುವುದನ್ನು ನಿಧಾನ ಮಾಡಿದರು. ಅಡಿಗೆ ಮನೆಯಿಂದ ಮುರುಗೇಶಪ್ಪನವರ ಹೆಂಡತಿ ದ್ರಾಕ್ಷಾಯಣಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತರು. ಹಯಾತ್ ಸಾಬನ ಕಣ್ಣಿಗೆ ನೀರು ಬಂತು. ಇಂಥದ್ದು ಈತನ ಕೈಯಲ್ಲಿತ್ತೇ ಎಂದುಕೊಂಡ. ಇದನ್ನು ಕೇಳದೇ ಉಳಿದವನು ಇಡೀ ಚಪ್ಪರದಲ್ಲಿ ಒಬ್ಬನೇ.

ಬಕ್ಕೇಶಪ್ಪ ಈಗ ಸಣ್ಣ ತಂತಿಗೆ ಬಂದ. ಕೇಳಿಸಲಿಲ್ಲವೋ ಏನೋ, ಜೋರಾಗಿ ಮೀಟಿದ. ಚಾಂದ್ ಪಾಷಾ, ಇನ್ನೂ ಇಳಿಸಲೇ, ಅವನಿಗೆ ಅನುಮಾನ ಬಂದರೆ ಎಂದು ಕೇಳಿದ. ಹಯಾತ್ ಸಾಬ್ ಊಟಕ್ಕೆ ಕೂತವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ. ಕಿವಿಯಿಂದ ಕೇಳುವವರ ಊರಿನಲ್ಲಿ ಹುಟ್ಟಿ ಬೆಳೆದವನು, ತಗ್ಗಿಸಬೇಕಾದ್ದು ದನಿ ಎಂದೇ ತಿಳಿದಿದ್ದ. ವೇದಿಕೆಯಿಂದ ಕಣ್ಣು ಕೀಳದೆಯೇ ಹೇಳಿದ:

“ಇಳಿಸು. ಆತಗೇನು ಗೊತ್ತಾಗ್ತೈತೆ. ಸಣ್ಣ ಸ್ವರ ಆತನ ಕಿವಿಗೆ ಬೀಳೋದು ಬಿಟ್ಟು ಎರಡು ವರ್ಷ ಆತು.”

ಬಕ್ಕೇಶಪ್ಪ ಅವನನ್ನೇ ನೋಡುತ್ತಿದ್ದ. ನನ್ನ ನೋಡು ಎಂದಿದ್ದನಲ್ಲ, ನೋಡುತ್ತಿದ್ದ.

ತಂತಿಯ ಮೇಲೆ ಜಾರುತ್ತಿದ್ದ ಕಡ್ಡಿ ನಡುವೆ ನಿಂತಿತು. ಹಯಾತ್ ಸಾಬನ ಕೈ ತನ್ನ ಬಾಯಿ ಮುಚ್ಚಿಕೊಳ್ಳಲು ಮೇಲೆದ್ದಿತು, ಆಡಿ ಮುಗಿದ ಮಾತಿಗೆ ಅಡ್ಡ ಹಿಡಿದ ಕೈ. ಅದನ್ನೂ ಬಕ್ಕೇಶಪ್ಪ ನೋಡಿದ. ಚಪ್ಪರದಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಸ್ವರ ನಿಂತ ಜಾಗದಲ್ಲಿ ನಡುಗುತ್ತಾ ಉಳಿದದ್ದನ್ನು ಕುಸುರಿ ಎಂದುಕೊಂಡು ಬೀಗರಲ್ಲೊಬ್ಬರು ವಾಹ್ ಎಂದರು. ಆಮೇಲೆ ಕಡ್ಡಿ ಮತ್ತೆ ಜಾರತೊಡಗಿತು. ಒಪ್ಪಿದ ಕಾಲು ಗಂಟೆಯನ್ನು ಬಕ್ಕೇಶಪ್ಪ ನುಡಿಸಿ ಮುಗಿಸಿದ. ಸೆಟ್ಟಿನ ಕಡೆಗೆ ಮತ್ತೆ ನೋಡಲಿಲ್ಲ. ಎರಡನೆಯ ಪಂಕ್ತಿಯಲ್ಲಿ ಎಲ್ಲರ ನಡುವೆ ಕೂತು, ತಲೆ ತಗ್ಗಿಸಿಕೊಂಡು, ಯಾರ ಬಾಯನ್ನೂ ನೋಡದೆ ಉಂಡ. ಮುರುಗೇಶಪ್ಪನವರು ಹಿಂದಿನಿಂದ ಬಂದು ಹೆಗಲು ತಟ್ಟಿ ಭೇಷ್ ಎಂದಾಗ ಬೆಚ್ಚಿಬಿದ್ದ.

ಮೂರು ಭಾನುವಾರ ಅವನು ಹರಿಹರಕ್ಕೆ ಬರಲಿಲ್ಲ. ದಾವಣಗೆರೆಯ ಬಸ್ಸು ಬರುವ ಹೊತ್ತಿಗೆ ಹಯಾತ್ ಸಾಬ್ ಅಂಗಡಿಯ ಹೊರಗೆ ಬಂದು ನಿಲ್ಲುವನು, ಬೀಡಿ ಹಚ್ಚುವ ನೆಪ ಮಾಡುವನು. ತಾನೇ ಹೋಗಿ ಕಾಲು ಹಿಡಿಯೋಣವೆಂದರೆ ಆ ಓಣಿಯಲ್ಲಿ ಕೂಗಿ ಕ್ಷಮೆ ಕೇಳಬೇಕು, ಓಣಿಗೆಲ್ಲ ತಿಳಿಯುತ್ತದೆ. ಕಾಗದ ಬರೆಯೋಣವೆಂದರೆ ಮೊದಲ ಸಾಲಿನಲ್ಲಿಯೇ ಸುತ್ತಿ ಸುತ್ತಿ ಹವಾಮಾನಕ್ಕೆ ಬಂದು ನಿಲ್ಲುತ್ತಿತ್ತು.

ನಾಲ್ಕನೆಯ ಭಾನುವಾರ ಬಕ್ಕೇಶಪ್ಪ ಬಂದ. ಕಂಕುಳಲ್ಲಿ ಗಿಟಾರ್, ಕೈಯಲ್ಲಿ ಕರ್ಚೀಫಿನ ಗಂಟು. ಗಂಟು ಬಿಚ್ಚಿ ಹಳೆಯ ಕರಿ ಡಬ್ಬಿಯನ್ನೂ ಹೊಳೆಯುವ ಹೊಸದನ್ನೂ ಬೆಂಚಿನ ಮೇಲೆ ಇಟ್ಟ. ಯಾವ ಪಿಕಪ್ ಎಂದು ಇನ್ನೂ ಗೊತ್ತಾಗಿಲ್ಲವಲ್ಲ ಎಂದ, ನಿನ್ನೆ ಬಿಟ್ಟ ಮಾತು ಮುಂದುವರಿಸಿದಂತೆ.

“ಒಂದೊಂದಾಗಿ ಹಚ್ಚು. ನಾನು ನುಡಿಸ್ತೀನಿ, ನೀನು ಕೇಳು. ಬಾಯಿಲೇ ಏನೂ ಹೇಳಬ್ಯಾಡ. ನಿನ್ನ ಮಖ ನೋಡಿ ನಾನೇ ಆರಿಸ್ಕಂತೀನಿ.”

ಹಯಾತ್ ಸಾಬ್ ಹೊಸದನ್ನು ಮೊದಲು ಹಚ್ಚಿದ. ಅಂಗಡಿಯ ಸೆಟ್ಟಿನ ಟೋನಿನ ಗುಂಡಿಗೆ ಕೈ ಹಾಕಲಿಲ್ಲ. ಎದುರಿಗೆ ಕೂತು, ಮೂವತ್ತು ವರ್ಷ ಗಿರಾಕಿಗಳಿಗೆ ಏನೂ ಬಿಟ್ಟುಕೊಡದೆ ಪಳಗಿದ್ದ ಮುಖವನ್ನು ಮುಂದೆ ಮಾಡಿಕೊಂಡ. ಈ ಮುಖವನ್ನು ಈಗ ಹೇಗೆ ಇಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ. ಸುಮ್ಮನಿಟ್ಟರೆ ಸುಳ್ಳು, ಬಿಟ್ಟರೆ ನಿಜ. ಬಕ್ಕೇಶಪ್ಪ ಸಣ್ಣ ತಂತಿ ಮೀಟಿ ಮೇಲಕ್ಕೆ ಜಾರಿಸಿದ. ಹಯಾತ್ ಸಾಬ್ ಎಷ್ಟು ಹಲ್ಲು ಕಚ್ಚಿ ಹಿಡಿದರೂ ಎಡಗಣ್ಣಿನ ರೆಪ್ಪೆ ಒಂದು ಸಲ ಕುಣಿಯಿತು. ಬಕ್ಕೇಶಪ್ಪ ಕೈ ತೆಗೆದು, ಬಿಚ್ಚು ಎಂದು ಸನ್ನೆ ಮಾಡಿದ.

ಹಳೆಯದನ್ನು ಹಚ್ಚಿದ. ಬಕ್ಕೇಶಪ್ಪ ಮದುವೆಯಲ್ಲಿ ನುಡಿಸಿದ್ದನ್ನೇ ಎತ್ತಿಕೊಂಡ, ಈ ಸಲ ಮೆಲ್ಲಗೆ, ತನಗೆ ಕೇಳಿಸಲೆಂಬ ಹಟವಿಲ್ಲದೆ. ಸ್ವಲ್ಪ ಹೊತ್ತಿಗೆ ಹಯಾತ್ ಸಾಬ್ ತನಗೊಂದು ಮುಖವಿದೆ ಎಂಬುದನ್ನೇ ಮರೆತ. ಅದರ ಮೇಲೆ ಏನೇನು ಬಂದು ಹೋಯಿತೋ, ಬಕ್ಕೇಶಪ್ಪ ಕಣ್ಣು ಮಿಟುಕಿಸದೆ ಅಷ್ಟನ್ನೂ ನೋಡುತ್ತಾ ಕೊನೆಯವರೆಗೆ ನುಡಿಸಿದ.

ಕಡ್ಡಿ ಕೆಳಗಿಟ್ಟು, ಹಳೆಯದೇ ಇರಲಿ ಎಂದ. ಇದಕ್ಕೆ ಏನೂ ಆಗಿರಲಿಲ್ಲ ಅಲ್ಲವೇ ಎಂದೂ ಕೇಳಿದ. ಹಯಾತ್ ಸಾಬ್ ಇಲ್ಲವೆಂದು ತಲೆಯಾಡಿಸಿದ. ಡಬ್ಬಿಯನ್ನು ಬಿಗಿ ಮಾಡಲು ಸಣ್ಣ ಸ್ಕ್ರೂ ಒಂದು ಬಾಕಿಯಿತ್ತು, ಅದು ಅವನ ಅಂಗೈಯಲ್ಲಿತ್ತು.

ಬಕ್ಕೇಶಪ್ಪ ಅಂಗಡಿಯ ತುಂಬ ಕಣ್ಣಾಡಿಸಿದ. ಹೊಟ್ಟೆ ಬಿಚ್ಚಿಕೊಂಡು ಸಾಲಾಗಿ ಕೂತ ಮೋಟಾರುಗಳು, ಹೊಸ ತಾಮ್ರ ಸುತ್ತಿ ಮೆರುಗೆಣ್ಣೆ ಬಳಿದು ಒಣಗಲು ಇಟ್ಟವು.

“ಇವೆಲ್ಲ ಸುಟ್ಟು ಬಂದವೇ ಅಲ್ಲೇನು. ಸುತ್ತಿ ಕೊಟ್ಟರೆ ಮತ್ತ ನಡಿತಾವ.” ಅವನ ಕೈ ಕಿವಿಯ ಹತ್ತಿರ ಹೋಗಿ, ಮುಟ್ಟದೆ ನಿಂತಿತು. “ಇದಕ್ಕ ಏನಾರ ಐತೇನು ಸಾಬಣ್ಣ?”

ಹಯಾತ್ ಸಾಬ್ ತಟಕ್ಕನೆ ಎದ್ದು ಗೋಡೆಯ ಕಡೆ ತಿರುಗಿ, ಹಲಗೆಯ ಮೇಲೆ ಏನನ್ನೋ ತಡಕಾಡಿದ. ಎರಡನೆಯ ವಾರವೇ ಗೊತ್ತಿತ್ತು ಬಕ್ಕಣ್ಣ, ಇದಕ್ಕೆ ಏನೂ ಇಲ್ಲ, ನನ್ನ ಕೈಲಿ ಏನೂ ಇಲ್ಲ, ಮಾಫ್ ಮಾಡು ಎಂದು ಗೋಡೆಗೆ ಹೇಳಿದ. ಒಂದೂ ಸುತ್ತಿಲ್ಲದೆ ನೇರವಾಗಿ ಹೇಳಿದ. ನಾಲ್ಕು ತಿಂಗಳ ಮಾತು ಅಷ್ಟರಲ್ಲಿ ಮುಗಿದುಹೋಯಿತು. ಆಮೇಲೆ ಈ ಕಡೆ ತಿರುಗಿದ.

“ಏನೋ ಅಂದಂಗಾತು,” ಎಂದ ಬಕ್ಕೇಶಪ್ಪ. “ಬೆನ್ನು ಅಲ್ಲಾಡ್ತು ನಿನ್ನದು.”

“ಸ್ಕ್ರೂ ಎಲ್ಲೋ ಬಿತ್ತು ಅಂದೆ.”

ಬಕ್ಕೇಶಪ್ಪ ಆ ತುಟಿಗಳನ್ನು ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ನೋಡಿದ. ನಂತರ ಗಿಟಾರನ್ನು ಬೆಂಚಿನ ಮೇಲೆ ಒರಗಿಸಿ, ಪಂಚೆ ಮೇಲೆ ಕಟ್ಟಿ, ಮಂಡಿಯೂರಿ ನೆಲದ ಮೇಲೆ ಸ್ಕ್ರೂ ಹುಡುಕತೊಡಗಿದ. ಹಯಾತ್ ಸಾಬನೂ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅವನ ಪಕ್ಕದಲ್ಲಿ ಕೂತು ಹುಡುಕಿದ.